ಕೊನೆಯ ಚಿತ್ರದ ಹಿಂಬದಿ

ತೈಶೋ, ಒಸಾಕಾ
ಶೋವಾ ೨೯, ಡಿಸೆಂಬರ್ ೫

ವಾಕಾಯಾಮದಲ್ಲಿ ಅಣ್ಣನ ಮನೆಯಲ್ಲಿ ಬೋರಲು ಮಲಗಿ ದಿನ ದೂಡುತ್ತಿರುವ ಮಸಾಕಿಚಿ ಅವರಿಗೆ ನುಯಿಯ ನಮಸ್ಕಾರ.

ಇಲ್ಲಿ ಚಳಿ ಬಂದಿದೆ. ಕಾಲುವೆಯ ಗಾಳಿ ಕಬ್ಬಿಣದ ಕಾರ್ಖಾನೆಯ ಹೊಗೆಯನ್ನೆಲ್ಲ ಹೊತ್ತುಕೊಂಡು ನೇರ ನಮ್ಮ ಓಣಿಗೇ ನುಗ್ಗುತ್ತದೆ. ಸೂರಿನ ಕೆಳಗೆ ಕಟ್ಟಿದ ಕಾಕಿ ಹಣ್ಣುಗಳು ಈ ಸಲ ಒಣಗುವವರೆಗೂ ಉಳಿದುಕೊಂಡಿವೆ. ನೀವು ಮನೆಯಲ್ಲಿದ್ದ ಒಂದು ವರ್ಷವೂ ಹಾಗೆ ಉಳಿದದ್ದಿಲ್ಲ. ಫುಸಾ ಚೆನ್ನಾಗಿದ್ದಾಳೆ. ಅಂದರೆ ಉಣ್ಣುತ್ತಾಳೆ, ಶಾಲೆಗೆ ಹೋಗುತ್ತಾಳೆ, ನನ್ನ ಮೇಲೆ ರೇಗುತ್ತಾಳೆ. ಅವಳ ಬಲಗಿವಿಯ ವಿಷಯ ಮುಂದೆ ಬರೆಯುತ್ತೇನೆ.

ನಿಮ್ಮ ಪತ್ರ ಬಂತು. ಒಬ್ಬಳೇ ಒಡೆಯುವ ಧೈರ್ಯವಿಲ್ಲದೆ ಓಣಿಯವರೆಲ್ಲ ಮೀಯಲು ಹೋಗುವ ಸ್ನಾನದ ಮನೆಯ ಟೊಕು ಅಜ್ಜಿಯ ಹತ್ತಿರ ತೆಗೆದುಕೊಂಡು ಹೋಗಿ ಓದಿದೆ. ಬೆನ್ನಿನ ಸುಟ್ಟ ಗಾಯ ಮಾಗಿದೆ, ಅಂಗಿ ತೊಡಬಹುದು, ಹೊಸ ವರ್ಷದ ಮೋಚಿ ಉಂಡೆಗೆ ಅನ್ನ ಕುಟ್ಟುವ ಹೊತ್ತಿಗೆ ಮನೆಯಲ್ಲಿರುತ್ತೇನೆ ಅಂತ ಬರೆದಿದ್ದೀರಿ. ನೆಲಕ್ಕೆ ಹಣೆ ಹಚ್ಚಿ ಕ್ಷಮೆ ಕೇಳಿದ್ದೀರಿ. ಅದರ ಕೆಳಗಿನ ಸಾಲಿನಲ್ಲೇ, ಮಿಠಾಯಿ ಪಾಕದ ಪಾತ್ರೆ ಕೈಜಾರಿ ಬಿತ್ತು ಅಂತ ಪೊಲೀಸಿನವನಿಗೆ ಹೇಳಿ ನಿನ್ನನ್ನು ಉಳಿಸಿದ್ದು ನಾನು, ನನ್ನ ಬಾಯಿ ಇನ್ನೂ ನನ್ನ ಹತ್ತಿರವೇ ಇದೆ, ಫುಸಾಗೆ ಜೈಲಿನಲ್ಲಿ ಕೂತ ತಾಯಿ ಬೇಡ ಅನ್ನುವುದಾದರೆ ಬಾಗಿಲು ತೆಗೆದಿಟ್ಟಿರು ಅಂತಲೂ ಇದೆ. ಕೇಳಿಸಿಕೊಂಡ ಟೊಕು ಅಜ್ಜಿ, "ಒಂದು ಕೈಯಲ್ಲಿ ಕಾಲು ಹಿಡೀತಾನೆ, ಇನ್ನೊಂದು ಕೈಯಲ್ಲಿ ಕತ್ತು ಹಿಡೀತಾನಲ್ಲೇ" ಅಂದಳು. ನನಗೆ ನಗು ಬರಲಿಲ್ಲ. 

ನಿಮ್ಮ ಒಂದೊಂದು ಮಾತಿಗೂ ಉತ್ತರ ಕೊಡುತ್ತೇನೆ. ಮೊದಲು ಸೈಕಲ್ಲು ಮತ್ತು ಚಿತ್ರದ ಪೆಟ್ಟಿಗೆ. ಮಾರಬೇಡ ಅಂದಿದ್ದೀರಿ. ಮಾರಿಲ್ಲ. ನಾನೇ ತಳ್ಳಿಕೊಂಡು ಹೋಗುತ್ತಿದ್ದೇನೆ. ಹೌದು, ನಾನೇ. ಸಂಜೆ ಶಾಲೆ ಬಿಟ್ಟ ಮೇಲೆ ಸ್ನಾನದ ಮನೆಯ ಹಿಂದಿನ ಬಯಲಿನಲ್ಲಿ ಸೈಕಲ್ ನಿಲ್ಲಿಸಿ, ಪೆಟ್ಟಿಗೆಯ ಬಾಗಿಲು ತೆರೆದು, ಮರದ ತಾಳ ಬಡಿಯುತ್ತೇನೆ. ಕಚಿ-ಕಚಿ, ಕಚಿ-ಕಚಿ. ಮಕ್ಕಳು ಓಡಿ ಬರುತ್ತಾರೆ. ಕಡ್ಡಿಗೆ ಪಾಕ ಸುತ್ತಿ ಕೊಟ್ಟು, ಪೆಟ್ಟಿಗೆಯಿಂದ ಚಿತ್ರದ ಹಾಳೆಗಳನ್ನು ಒಂದೊಂದಾಗಿ ಎಳೆಯುತ್ತಾ ಕಥೆ ಹೇಳುತ್ತೇನೆ. ಹೆಂಗಸು ಕಾಮಿಶಿಬಾಯಿ ಚಿತ್ರದಾಟ ಆಡುವುದುಂಟೇ ಅಂತ ಮೀನಿನ ಅಂಗಡಿಯವನು ಮೊದಲ ದಿನ ಹಲ್ಲು ಕಿರಿದ. ಎರಡನೆಯ ದಿನ ಅವನ ಮಗನೇ ಮುಂದಿನ ಸಾಲಿನಲ್ಲಿ ಕೂತಿದ್ದ.

ಮೊದಲ ದಿನ ಕಥೆಯ ಮೃಗ ತನುಕಿಯ ಮಾತು ಆಡಲು ಹೋದರೆ ನನ್ನ ದನಿ ಮುಂದಿನ ಸಾಲೂ ದಾಟಲಿಲ್ಲ. "ಜೋರಾಗಿ ಹೇಳಿ ಅತ್ತೆ, ತನುಕಿಗೆ ನೆಗಡಿಯಾ?" ಅಂತ ಒಬ್ಬ ಕೂಗಿದ. "ಮಾಮ ಯಾವಾಗ ಬರ್ತಾರೆ? ಮಾಮ ಹೇಳಿದ್ರೆ ಹೊಟ್ಟೆ ಒಳಗೆ ಗುಡುಗುತ್ತೆ" ಅಂತ ಇನ್ನೊಬ್ಬಳು. ಸುಳ್ಳು ಹೇಳುವುದಿಲ್ಲ, ನಿಮ್ಮ ದನಿ ನನಗೂ ಬೇಕಾಗಿತ್ತು. ಮದುವೆಯಾದ ಹೊಸದರಲ್ಲಿ ನೀವು ಕಥೆ ಹೇಳುವ ಬಯಲಿನ ಮೂಲೆಯಲ್ಲಿ ತರಕಾರಿ ಬುಟ್ಟಿ ಹಿಡಿದು ನಿಂತು, ಒಂದೇ ಬಾಯಿಂದ ಅಜ್ಜಿ, ಮೊಲ, ತನುಕಿ ಮೂವರೂ ಬರುವುದನ್ನು ಕೇಳುತ್ತಿದ್ದೆ. ಇಂಥ ಗಂಡ ಸಿಕ್ಕನಲ್ಲ ಅಂತ ಎದೆ ತುಂಬುತ್ತಿತ್ತು. ಈಗ ಬರೆಯುವಾಗಲೂ ತುಂಬುತ್ತಿದೆ. ಅದಕ್ಕೇ ಸಿಟ್ಟು ಬರುತ್ತಿದೆ.

ಮಕ್ಕಳು ಯಾವ ಕಥೆ ಕೇಳಿದವು ಅಂತ ನಿಮಗೆ ಗೊತ್ತೇ ಇದೆ. ಹೊಟ್ಟೆ ಡೊಳ್ಳಿನ, ಕಣ್ಣಿಗೆ ಕಪ್ಪು ಬಳಿದಂಥ ಕಾಡುನಾಯಿ, ಆ ಮೋಸಗಾರ ತನುಕಿಯ ಕಥೆ. ಹೊಲದ ಬೇರು ಕಿತ್ತು ತಿನ್ನುತ್ತಿದ್ದವನನ್ನು ಅಜ್ಜ ಹಿಡಿದು ಕಟ್ಟಿಹಾಕುತ್ತಾನೆ. ಅಜ್ಜ ಆಚೆ ಹೋದ ಮೇಲೆ ತನುಕಿ ಅಜ್ಜಿಯ ಮುಂದೆ ಅಳುತ್ತಾನೆ, ತಪ್ಪಾಯಿತು, ಕಟ್ಟು ಬಿಚ್ಚಿ, ಧಾನ್ಯ ಕುಟ್ಟಿಕೊಡುತ್ತೇನೆ ಅನ್ನುತ್ತಾನೆ. ಅಜ್ಜಿ ಕರಗುತ್ತಾಳೆ. ಬಿಚ್ಚಿದ ಕೂಡಲೇ ಅವಳ ಕೈಯ ಒನಕೆಯನ್ನೇ ಕಿತ್ತುಕೊಂಡು ಅವಳ ತಲೆ ಒಡೆಯುತ್ತಾನೆ. ಅವಳನ್ನೇ ಬೇಯಿಸಿ, ಕಿಮೊನೊ ಹೊದ್ದಂತೆ ಅವಳ ಚರ್ಮವನ್ನೇ ಹೊದ್ದು, ಮನೆಗೆ ಬಂದ ಅಜ್ಜನಿಗೆ ಸಾರು ಬಡಿಸುತ್ತಾನೆ. ಅಜ್ಜ ರುಚಿಯಾಗಿದೆ ಅನ್ನುತ್ತಾನೆ. ಆಮೇಲೆ ಅಜ್ಜಿಯ ಸ್ನೇಹದ ಮೊಲ ಸೇಡಿಗೆ ಬರುತ್ತದೆ. ತನುಕಿಯ ಬೆನ್ನ ಮೇಲಿನ ಸೌದೆಗೆ ಚಕಮಕಿ ಕಲ್ಲು ಉಜ್ಜಿ ಬೆಂಕಿ ಇಡುತ್ತದೆ. ಏನದು ಕಚಿ-ಕಚಿ ಸದ್ದು ಅಂತ ತನುಕಿ ಕೇಳಿದರೆ, ಕಚಿ-ಕಚಿ ಹಕ್ಕಿ ಕೂಗುತ್ತಿದೆ ಅನ್ನುತ್ತದೆ. ಸುಟ್ಟ ಬೆನ್ನಿಗೆ ಔಷಧಿ ಅಂತ ಮೆಣಸಿನ ಖಾರ ಹಚ್ಚುತ್ತದೆ. ಕೊನೆಗೆ ಮಣ್ಣಿನ ದೋಣಿಯಲ್ಲಿ ಕೂರಿಸಿ ಮುಳುಗಿಸುತ್ತದೆ.

ನಿಮ್ಮ ಗುರುಗಳ ಕೈಯಿಂದ ಬಂದ ಚಿತ್ರಗಳಲ್ಲಿ ಕಥೆ ಹೀಗೇ ಇತ್ತು. ತಾಯಂದಿರ ಸಂಘದ ಹಿರಾನುಮಾ ಅಮ್ಮ ನಮ್ಮ ಮನೆಯ ಹೊಸ್ತಿಲಲ್ಲಿ ಕೂತು, ಮಕ್ಕಳು ರಾತ್ರಿ ಬೆಚ್ಚಿಬೀಳುತ್ತಾರೆ, ಕೊನೆ ಬದಲಾಯಿಸಿ ಮಸಾಕಿಚಿ ಅವರೇ ಅಂದಾಗ ನೀವು ಸಕ್ಕರೆ ಸುರಿದಂತೆ ನಕ್ಕಿರಿ. ಅವತ್ತೇ ಊಟದ ಮಣೆಯ ಮೇಲೆ ಕಾಗದ ಹರಡಿ ಹೊಸ ಕೊನೆಯ ಚಿತ್ರ ಬರೆದಿರಿ. ತನುಕಿ ನೆಲಕ್ಕೆ ಹಣೆ ಹಚ್ಚಿ ಬಗ್ಗಿದ್ದಾನೆ, ಮೊಲ ಅವನ ತಲೆ ನೇವರಿಸುತ್ತಿದೆ. ಬಣ್ಣ ಒಣಗಲು ಗೋಡೆಗೆ ಒರಗಿಸಿದಾಗ ಫುಸಾ ಬಹಳ ಹೊತ್ತು ನೋಡಿ, "ಅಪ್ಪ ಇದ್ದ ಹಾಗೇ ಇದೆ" ಅಂದಳು. ನಿಮಗೆ ಕೇಳಿಸಲಿಲ್ಲ. ನಾನು ಅವಳ ಬಾಯಿ ಮುಚ್ಚಿದೆ.

ಆ ಬಗ್ಗುವ ಭಂಗಿ ನಮಗೆ ಹೊಸದಲ್ಲ. ಹೊಡೆದ ಮರುದಿನ ಬೆಳಿಗ್ಗೆ ನೀವು ಹಾಗೇ ಬಗ್ಗುತ್ತಿದ್ದಿರಿ, ಹಣೆ ಚಾಪೆಗೆ ಮುಟ್ಟುತ್ತಿತ್ತು, ಕಣ್ಣೀರು ನಿಜವಾಗಿಯೂ ಬೀಳುತ್ತಿತ್ತು. ನಾನು ತಲೆ ನೇವರಿಸುತ್ತಿದ್ದೆ. ಆ ಮರದ ತಾಳದಿಂದ ಬೆನ್ನಿಗೆ ಬಿದ್ದ ಬಾಸುಂಡೆಗಳ ಮೇಲೆ ಕಿಮೊನೊ ಬಿಗಿದುಕೊಂಡು ನಿಮಗೆ ಅನ್ನ ಬಡಿಸುತ್ತಿದ್ದೆ. ಮುಚ್ಚಿಟ್ಟೆ ಅಂದುಕೊಂಡಿದ್ದೆ. ಸ್ನಾನದ ಮನೆಯಲ್ಲಿ ಯಾರು ಏನು ಮುಚ್ಚಿಡಲು ಆಗುತ್ತದೆ? ಓಣಿಯ ಹೆಂಗಸರಿಗೆಲ್ಲ ನನ್ನ ಬೆನ್ನು ಬಾಯಿಪಾಠ. ಯಾರೂ ಏನೂ ಕೇಳುತ್ತಿರಲಿಲ್ಲ, ಬಿಸಿನೀರಿನ ತೊಟ್ಟಿಯಲ್ಲಿ ಸ್ವಲ್ಪ ಸರಿದು ಜಾಗ ಬಿಡುತ್ತಿದ್ದರು. ಟೊಕು ಅಜ್ಜಿ ಮಾತ್ರ ಒಂದು ಸಲ, "ಈ ಸಲ ಎಡಗಡೆ ಜಾಸ್ತಿ ಕಥೆ ಹೇಳಿದಾನೆ" ಅಂತ ಗೊಣಗಿ ನನ್ನ ಬೆನ್ನಿಗೆ ತಣ್ಣೀರು ಹೊಯ್ದಳು.

ಸೆಪ್ಟೆಂಬರಿನ ಆ ದಿನಕ್ಕೆ ಬರುತ್ತೇನೆ. ನಿಮ್ಮ ಪತ್ರದಲ್ಲಿ ಅದು "ಆ ದುರದೃಷ್ಟದ ದಿನ" ಅಂತಿದೆ. ಅದೃಷ್ಟದ ಮೇಲೆ ಯಾಕೆ ಹೊರಿಸುತ್ತೀರಿ.

ಹಿಂದಿನ ದಿನದ ಮಳೆಯಲ್ಲಿ ಚಿತ್ರಗಳು ತೇವವಾಗಿದ್ದವು. ಒಣಗಿಸಿ ಸಾಲಾಗಿ ಜೋಡಿಸಿಡು ಅಂತ ಫುಸಾಗೆ ಹೇಳಿದ್ದು ನೀವೇ. ಅವಳು ಬಟ್ಟೆಯ ಹಗ್ಗಕ್ಕೆ ಕ್ಲಿಪ್ ಹಾಕಿ ಒಂದೊಂದನ್ನೂ ಒಣಗಿಸಿದಳು. ಆಮೇಲೆ, ಹೊಸದಾಗಿ ಓದಲು ಕಲಿತ ಹುಡುಗಿ, ಚಿತ್ರದ ಹಿಂದೆ ಬರೆದದ್ದನ್ನು ಓದಿ ಓದಿ ಜೋಡಿಸಿದಳು. ಕಾಮಿಶಿಬಾಯಿ ಆಡುವವರಿಗೆ ಮಾತ್ರ ಗೊತ್ತಿರುವ ವಿಷಯ ಅವಳಿಗೆ ಹೇಗೆ ಗೊತ್ತಾಗಬೇಕು? ಎದುರಿನ ಚಿತ್ರದ ಮಾತು ಅದೇ ಚಿತ್ರದ ಹಿಂದೆ ಇರುವುದಿಲ್ಲ, ಕಟ್ಟಿನ ಕಟ್ಟಕಡೆಯ ಹಾಳೆಯ ಹಿಂದೆ ಇರುತ್ತದೆ, ಪೆಟ್ಟಿಗೆಯ ಹಿಂದೆ ನಿಂತು ಹೇಳುವವನ ಕಣ್ಣಿಗೆ ಕಾಣುವುದು ಅದೇ. ಹಾಗಾಗಿ ಮೊದಲ ಚಿತ್ರದ ಮಾತು ಇರುವುದು ಕೊನೆಯ ಚಿತ್ರದ ಹಿಂಬದಿಯಲ್ಲಿ. "ಒಂದಾನೊಂದು ಊರಿನಲ್ಲಿ" ಅಂತ ಯಾವ ಹಾಳೆಯ ಹಿಂದೆ ಇತ್ತೋ ಅದನ್ನು ಮಗು ಎಲ್ಲಕ್ಕಿಂತ ಮುಂದೆ ಇಟ್ಟಿತು. ಅದು ನಿಮ್ಮ ಬಗ್ಗಿದ ತನುಕಿ.

ನಿಮಗೆ ಕಥೆ ಬಾಯಿಪಾಠ, ಹಿಂದೆ ಮುಂದೆ ನೋಡುವವರಲ್ಲ. ಪೆಟ್ಟಿಗೆ ತೆರೆದು, ಒಂದಾನೊಂದು ಊರಿನಲ್ಲಿ ಒಬ್ಬ ಅಜ್ಜ, ಒಬ್ಬಳು ಅಜ್ಜಿ ಇದ್ದರು ಅಂತ ಗುಡುಗಿದಿರಿ. ಮಕ್ಕಳಿಗೆ ಕಂಡದ್ದು ಅಜ್ಜನೂ ಅಲ್ಲ ಅಜ್ಜಿಯೂ ಅಲ್ಲ, ನೆಲಕ್ಕೆ ಹಣೆ ಹಚ್ಚಿದ ತನುಕಿ. "ಮಾಮ, ಇವನು ಇನ್ನೂ ಏನೂ ಮಾಡೇ ಇಲ್ವಲ್ಲ, ಆಗ್ಲೇ ಯಾಕೆ ತಪ್ಪಾಯ್ತು ಅಂತಿದಾನೆ?" ಅಂತ ಮೀನಿನ ಅಂಗಡಿಯ ಹುಡುಗ ಕೇಳಿದ. ಬಯಲೆಲ್ಲ ನಕ್ಕಿತು. "ಮುಂಗಡ ಕೊಟ್ಟಿದಾನೆ ಕಣೋ" ಅಂತ ಟೊಕು ಅಜ್ಜಿ ಸ್ನಾನದ ಮನೆಯ ಕಿಟಕಿಯಿಂದ ಕೂಗಿದಳು. ನೀವೂ ನಕ್ಕಿರಿ. ನಿಮ್ಮ ಆ ನಗು ಎಂಥದ್ದು ಅಂತ ನನಗೆ ಗೊತ್ತಿತ್ತು.

ಮನೆಗೆ ಬಂದು ಬಾಗಿಲು ಎಳೆದಿರಿ. ಫುಸಾಳ ಕಡೆ ನುಗ್ಗಿದಾಗ ನಾನು ಮಧ್ಯೆ ಬಂದೆ, ನನ್ನ ಜುಟ್ಟು ಹಿಡಿದು ಕಂಬಕ್ಕೆ ಬಡಿದಿರಿ. ಬಾಯಿ ತುಂಬ ರಕ್ತ. ಆಗ ಫುಸಾ ಓಡಲಿಲ್ಲ. ನಾನು ಸರಿಯಾಗೇ ಓದಿದ್ದೆ ಅಪ್ಪ, ಒಂದಾನೊಂದು ಊರಿನಲ್ಲಿ ಅಂತ ಅದರ ಹಿಂದೆಯೇ ಬರೆದಿತ್ತು ಅಂದಳು. ನಿಮಗೆ ಎದುರು ಮಾತು ಕೇಳಿಸಿತು, ಅವಳು ಹೇಳಿದ್ದು ಕೇಳಿಸಲಿಲ್ಲ. ತಾಳದ ಎರಡೂ ಮರ ಒಂದೇ ಕೈಯಲ್ಲಿ ಹಿಡಿದು ಅವಳ ಬಲಗಿವಿಗೆ ಬೀಸಿದಿರಿ. ಗಟ್ಟಿ ಓಕ್ ಮರ. ಕಚಿ ಅಂತ ಒಂದೇ ಸದ್ದು ಆಯಿತು. ಮಗು ಅಳಲೂ ಇಲ್ಲ, ಕೂತಲ್ಲೇ ಪಕ್ಕಕ್ಕೆ ವಾಲಿತು. ಕಿವಿಯಿಂದ ಕತ್ತಿನವರೆಗೆ ರಕ್ತ ಇಳಿಯಿತು.

ಪಾತ್ರೆಯ ವಿಷಯ ಈಗ. ನೀವು ಅಂಗಿ ಕಳಚಿ, ನಮಗೆ ಬೆನ್ನು ಹಾಕಿ ಕೂತು, ಚಿತ್ರಗಳನ್ನು ಸರಿಯಾಗಿ ಜೋಡಿಸತೊಡಗಿದಿರಿ. ಜೋಡಿಸುತ್ತಾ ನಾಳೆಯ ಅಭ್ಯಾಸ. ಮೊಲದ ಸಿಹಿ ದನಿಯಲ್ಲಿ, ಅದು ಕಚಿ-ಕಚಿ ಹಕ್ಕಿಯ ಕೂಗು ತನುಕಿ ಅಣ್ಣ, ಏನಿಲ್ಲ ನಡಿ ನಡಿ ಅಂತ ಹೇಳಿಕೊಂಡಿರಿ. ಒಲೆಯ ಮೇಲೆ ಮರುದಿನದ ಪಾಕ ಕುದಿಯುತ್ತಿತ್ತು. ಕಂದು ಬಣ್ಣಕ್ಕೆ ತಿರುಗಿ ದೊಡ್ಡ ದೊಡ್ಡ ಗುಳ್ಳೆ ಒಡೆಯುತ್ತಿದ್ದವು. ನಾನು ಬಟ್ಟೆ ಮಡಿಸಿ ಹಿಡಿಗೆ ಸುತ್ತಿದೆ. ನಿಧಾನವಾಗಿ ಇಳಿಸಿದೆ. ನಿಮ್ಮ ಹಿಂದೆ ನಿಂತೆ. ಕತ್ತಿನ ಕೆಳಗಿನಿಂದ ಸೊಂಟದವರೆಗೆ ಸುರಿದೆ. ನೀರಾಗಿದ್ದರೆ ಹರಿದು ಹೋಗುತ್ತಿತ್ತು, ಪಾಕ ಅಂಟುತ್ತದೆ, ನೀವು ಕೈಯಿಂದ ಒರೆಸಲು ಹೋದಾಗ ಅದರ ಜೊತೆ ಚರ್ಮವೂ ಬಂತು. ಅವತ್ತಿನಂಥ ಕೂಗು ಯಾವ ಕಥೆಯಲ್ಲೂ ನೀವು ಕೂಗಿದ್ದಿಲ್ಲ.

ಅದು ಜಾರಲಿಲ್ಲ. ಕೋಪದಲ್ಲಿ ಕೈ ಮೀರಿದ್ದೂ ಅಲ್ಲ. ಕೈ ಎಷ್ಟು ಸ್ಥಿರವಾಗಿತ್ತು ಅಂದರೆ ಒಂದು ಹನಿಯೂ ಚಾಪೆಗೆ ಬೀಳಲಿಲ್ಲ. ಆಮೇಲೆ ಔಷಧಿ ಅಂತ ನೀವು ಬೇಡಿದಾಗ ನನ್ನ ಕೈ ಒಮ್ಮೆ ಮೆಣಸಿನ ಡಬ್ಬಿಯ ಮೇಲೂ ಹೋಯಿತು. ಆದರೆ ನಾನು ಎಣ್ಣೆಯನ್ನೇ ಹಚ್ಚಿದೆ. ಯಾಕೆ ಅಂತ ನನಗೂ ಗೊತ್ತಿಲ್ಲ.

ಇಷ್ಟು ಬರೆದ ಮೇಲೆ "ನೀವು" ಅನ್ನಲು ಪೆನ್ನು ಒಪ್ಪುತ್ತಿಲ್ಲ. ಇನ್ನು ನೀನು ಅಂತಲೇ ಬರೆಯುತ್ತೇನೆ.

ಪಾತ್ರೆ ಜಾರಿತು ಅಂತ ಹೇಳಿ ನೀನು ನನ್ನನ್ನು ಉಳಿಸಲಿಲ್ಲ, ಕಟ್ಟಿಹಾಕಿದೆ. ಹೆಂಡತಿಯ ಕೈಯಲ್ಲಿ ಬೆಂದೆ ಅನ್ನುವ ನಾಚಿಕೆ ನಿನಗೆ, ಜೈಲಿನ ಹೆದರಿಕೆ ನನಗೆ, ಎರಡಕ್ಕೂ ಒಂದೇ ಸುಳ್ಳು ಸಾಕಾಯಿತು. ನಿನ್ನ ಪತ್ರ ಓದಿದ ಮರುದಿನ ನಾನು ಟೊಕು ಅಜ್ಜಿಯ ಜೊತೆ ಮೂಲೆಯ ಪೊಲೀಸ್ ಚೌಕಿಗೆ ಹೋದೆ. ಫುಸಾಳನ್ನೂ ಕರೆದುಕೊಂಡು ಹೋದೆ. ಜಾರಲಿಲ್ಲ, ಸುರಿದೆ ಅಂತ ಹೇಳಿದೆ. ಆ ಎಳೆಯ ಪೊಲೀಸು ಟೋಪಿ ತೆಗೆದು ತಲೆ ಕೆರೆದುಕೊಂಡ. "ಸುಟ್ಟುಕೊಂಡವನೇ ಜಾರಿತು ಅಂತಾನೆ, ನೀವು ಸುರಿದೆ ಅಂತೀರಿ. ನಾನು ಯಾರನ್ನ ನಂಬ್ಲಿ ಅಮ್ಮ?" ಅಂದ. "ಅವನನ್ನೇ ಕರೆಸಪ್ಪ" ಅಂದಳು ಟೊಕು ಅಜ್ಜಿ. "ಅಂಗಿ ಬಿಚ್ಚಿಸಿ ಬೆನ್ನು ನೋಡು. ಇವಳ ಬೆನ್ನು ಹೇಗಿತ್ತು ಅಂತ ಹೇಳೋಕೆ ನಮ್ಮ ಹೆಂಗಸರ ಕಡೆಯಿಂದ ಎಷ್ಟು ಸಾಕ್ಷಿ ಬೇಕೋ ಅಷ್ಟು ನಾನು ಕಳಿಸ್ತೀನಿ. ಅದಾದ್ಮೇಲೆ ಈ ಮಗು ಬಲಗಿವೀಲಿ ಏನಾದ್ರೂ ಪಿಸುಗುಟ್ಟು, ಕೇಳುತ್ತಾ ನೋಡೋಣ." ಅವನು ನಿಜವಾಗಿಯೂ ಬಗ್ಗಿ ಫುಸಾಳ ಬಲಗಿವಿಯಲ್ಲಿ ಏನೋ ಹೇಳಿದ. ಅವಳು ಗೋಡೆ ನೋಡುತ್ತಾ ನಿಂತಿದ್ದಳು. ಅವನು ಎದ್ದಾಗ ಮುಖ ಕೆಂಪಾಗಿತ್ತು. ಗಂಡ ದೂರು ಕೊಡಲು ಬಂದರೆ ಎರಡೂ ಒಟ್ಟಿಗೇ ವಿಚಾರಿಸುತ್ತೇನೆ ಅಂದ.

ಅಂದರೆ ನಿನ್ನ ಬಾಯಲ್ಲಿ ಇಟ್ಟುಕೊಂಡದ್ದು ಈಗ ಎಲ್ಲರ ಬಾಯಲ್ಲೂ ಇದೆ. ನನ್ನನ್ನು ಜೈಲಿಗೆ ಹಾಕಿದರೆ ಹಾಕಲಿ. ಹೆದರಿಕೆ ಇಲ್ಲ ಅಂತ ಬರೆದರೆ ಸುಳ್ಳಾಗುತ್ತದೆ. ಹಾಗೇನಾದರೂ ಆದರೆ ಫುಸಾ ಟೊಕು ಅಜ್ಜಿಯ ಹತ್ತಿರ ಇರುತ್ತಾಳೆ, ನಿನ್ನ ಹತ್ತಿರ ಅಲ್ಲ. ಅದನ್ನೂ ಚೌಕಿಯಲ್ಲಿ ಹೇಳಿ ಬಂದಿದ್ದೇನೆ.

ಗುರುಗಳ ಹಳೆಯ ಕೊನೆಯ ಚಿತ್ರ ಸಿಕ್ಕಿತು. ಗಾಳಿ ಬರುತ್ತದೆ ಅಂತ ನೀನೇ ಒಲೆಯ ಹಿಂದಿನ ಗೋಡೆಯ ಬಿರುಕಿಗೆ ಗಂಜಿ ಹಚ್ಚಿ ಅಂಟಿಸಿದ್ದೆ. ಹೊಗೆ ಹಿಡಿದು ಕಪ್ಪಾಗಿತ್ತು. ಒದ್ದೆ ಬಟ್ಟೆ ಒತ್ತಿ ಬಿಡಿಸಿದೆ. ಮಣ್ಣಿನ ದೋಣಿ ಕರಗುತ್ತಿದೆ, ತನುಕಿ ಬಾಯಿ ತೆರೆದು ಮುಳುಗುತ್ತಿದ್ದಾನೆ, ಮೊಲ ಹುಟ್ಟು ಎತ್ತಿದೆ. ಹಿಂದಿನ ಅಕ್ಷರವೆಲ್ಲ ಗೋಡೆಗೇ ಹತ್ತಿಕೊಂಡು ಉಳಿಯಿತು. ಅದರ ಹಿಂಬದಿ ಈಗ ಖಾಲಿ.

ಆ ಸಂಜೆ ಅದನ್ನೇ ಆಡಿದೆ. ಅಜ್ಜಿಯನ್ನು ಕೊಲ್ಲುವ ಚಿತ್ರ ಎಳೆದಾಗ ನನ್ನ ದನಿ ಎಲ್ಲಿಂದಲೋ ಬಂತು. ಆ ಅಜ್ಜಿಯ ದನಿ ನಿನಗೆ ಯಾವತ್ತೂ ಸರಿಯಾಗಿ ಬರಲಿಲ್ಲ, ನೀನು ಅವಳನ್ನು ಕಿರುಚಿಸುತ್ತಿದ್ದೆ. ಪೆಟ್ಟು ಬೀಳುವಾಗ ಯಾರೂ ಹಾಗೆ ಕಿರುಚುವುದಿಲ್ಲ, ಹ್ಞಾ ಅಂತ ಉಸಿರು ಒಳಗೆ ಹೋಗುತ್ತದೆ ಅಷ್ಟೇ. ನಾನು ಹಾಗೆ ಮಾಡಿದೆ. ಬಯಲಿನಲ್ಲಿ ಪಾಕ ಚೀಪುವ ಸದ್ದೂ ನಿಂತಿತು. ಬೆನ್ನಿಗೆ ಬೆಂಕಿ ಬಿದ್ದಾಗ, "ಇನ್ನೂ ಖಾರ ಹಚ್ಚಿ ಅತ್ತೆ" ಅಂತ ಹುಡುಗಿಯರೇ ಮೊದಲು ಕೂಗಿದ್ದು. ಕೊನೆಯ ಚಿತ್ರದ ಮೇಲಿನ ಹಾಳೆಯನ್ನು ಅರ್ಧ ಮಾತ್ರ ಎಳೆದು ನಿಲ್ಲಿಸಿದೆ. ಹುಟ್ಟು ಎತ್ತಿದ ಮೊಲ ಕಾಣುತ್ತದೆ, ತನುಕಿ ಇನ್ನೂ ಕಾಣುವುದಿಲ್ಲ. "ಅವನು ಕ್ಷಮೆ ಕೇಳ್ತಾನಾ?" ಅಂತ ಒಂದು ಪುಟ್ಟ ಮಗು ಕೇಳಿತು. ಕೇಳುತ್ತಾನೆ ಮಗು ಅಂದೆ. ಹಾಳೆಯನ್ನು ಪೂರ್ತಿ ಎಳೆದೆ.

ಹಿರಾನುಮಾ ಅಮ್ಮ ಮರುದಿನವೇ ಬಂದರು. ಮಕ್ಕಳಿಗೆ ಇಷ್ಟು ಕ್ರೌರ್ಯ ಯಾಕೆ, ಕ್ಷಮಿಸುವುದನ್ನು ಕಲಿಸಬೇಕಲ್ಲವೇ ಅಂದರು. ಒಳಗೆ ಬನ್ನಿ ಅಂತ ಕರೆದು, ಟೀ ಕೊಟ್ಟು, ಫುಸಾಳ ಬಲಗಡೆ ಕೂರಿಸಿದೆ. ಅವರು ಅವಳನ್ನು ಎಷ್ಟೋ ಸಲ ಮಾತನಾಡಿಸಿದರು. ಆಮೇಲೆ ಕಿವಿಯ ತಮಟೆ ಹರಿದಿದೆ, ಇನ್ನು ಕೂಡುವುದಿಲ್ಲ ಅಂತ ಡಾಕ್ಟರು ಹೇಳಿದ್ದನ್ನು ಹೇಳಿದೆ. ಅವರು ಟೀ ಕುಡಿಯದೆ ಎದ್ದು ಹೋದರು. ಸಂಘದಿಂದ ಮತ್ತೆ ಯಾರೂ ಬಂದಿಲ್ಲ.

ಫುಸಾ ತಾಳದ ಸದ್ದಿಗೆ ಇನ್ನೂ ಬೆಚ್ಚುತ್ತಾಳಾ ಅಂತ ಕೇಳಿದ್ದೀಯ. ನಾನು ಬಡಿದರೆ ಬೆಚ್ಚುತ್ತಿದ್ದಳು. ಅದಕ್ಕೇ ಅವಳ ಕೈಗೇ ಕೊಟ್ಟೆ. ಈಗ ಓಣಿ ಸುತ್ತಿ ಮಕ್ಕಳನ್ನು ಕರೆಯುವುದು ಅವಳೇ. ಕೇಳುವ ಕಿವಿಯ ಹತ್ತಿರ ಹಿಡಿದು, ಓಣಿಯ ನಾಯಿಗಳೆಲ್ಲ ಏಳುವಂತೆ ಬಡಿಯುತ್ತಾಳೆ. ತಾಳದ ಒಂದು ಮರದ ತುದಿಯಲ್ಲಿ ಕಂದು ಕಲೆ ಇದೆ. ಉಜ್ಜಿ ತೊಳೆಯಲು ಹೋದೆ, ಇರಲಿ ಬಿಡು ಅಂದಳು.

ಮೋಚಿಗೆ ಬರಬೇಡ. ಯಾವ ಹಬ್ಬಕ್ಕೂ ಬರಬೇಡ. ದಾರಿ ತಪ್ಪಿ ಬಂದರೂ ಮೊದಲು ಸ್ನಾನದ ಮನೆಗೆ ಹೋಗಿ ಅಂಗಿ ಬಿಚ್ಚಬೇಕಾಗುತ್ತದೆ. ಗಂಡಸರ ಕಡೆ ಎಲ್ಲರೂ ನಿನ್ನ ಬೆನ್ನು ನೋಡಲು ಕಾಯುತ್ತಿದ್ದಾರೆ. ಚಳಿಗೆ ಗಾಯ ಬಿಗಿಯುತ್ತಿರಬಹುದು, ಅಣ್ಣನ ಹತ್ತಿರ ಎಣ್ಣೆ ಹಚ್ಚಿಸಿಕೊ.

ಇಂತಿ,
ಫುಸಾಳ ತಾಯಿ
ನುಯಿ

ಮರೆತ ಮಾತು: ನೀನು ಬರೆದ ಬಗ್ಗಿದ ತನುಕಿಯ ಚಿತ್ರವನ್ನು ಇದರ ಜೊತೆಗೇ ಕಳಿಸುತ್ತಿದ್ದೇನೆ. ನಮಗೆ ಬೇಡ. ಒಂದು ಸಲ ತಿರುಗಿಸಿ ನೋಡು. ಕ್ಷಮೆ ಕೇಳಿ ಮುಗಿದ ಹಾಳೆಯ ಬೆನ್ನಿಗೇ ನಿನ್ನ ಅಕ್ಷರದಲ್ಲಿ "ಒಂದಾನೊಂದು ಊರಿನಲ್ಲಿ ಒಬ್ಬ ಅಜ್ಜ, ಒಬ್ಬಳು ಅಜ್ಜಿ ಇದ್ದರು" ಅಂತ ಕಥೆ ಮತ್ತೆ ಶುರುವಾಗುತ್ತದೆ, ಅಜ್ಜಿ ಮತ್ತೆ ಕಟ್ಟು ಬಿಚ್ಚುತ್ತಾಳೆ. ಇಷ್ಟು ವರ್ಷ ನಾನು ಎದುರಿನ ಚಿತ್ರ ನೋಡಿ ತಲೆ ನೇವರಿಸಿದೆ, ಹಿಂದೆ ಬರೆದದ್ದನ್ನು ಓದಲೇ ಇಲ್ಲ. ಓದಿದವಳು ಫುಸಾ ಒಬ್ಬಳೇ. ಅವಳು ಜೋಡಿಸಿದ್ದು ಸರಿಯಾಗಿಯೇ ಇತ್ತು.